ಗಾಡಿಯ ಜ್ವರ

ದಿಬ್ಬದ ನಡುವೆ ಮತ್ತೆ ನಿಂತುಬಿಟ್ಟ ಗಾಲ್ಫ್ ಗಾಡಿಯ ಸೀಟು ಎತ್ತಿ, ಮೆಕ್ಯಾನಿಕ್ ಆಗಿದ್ದ ಮಗಳು ಬ್ಯಾಟರಿಗಳ ಒಂದೊಂದೇ ಟರ್ಮಿನಲ್ ಮುಟ್ಟಿ ನೋಡಿದಳು.

“ಜ್ವರ ನೋಡ್ತಿದೀಯೇನೇ?” ಮೈದಾನದ ಮಾಲಿಯಾದ ಅಪ್ಪ ಮಂಡಿ ನೀವಿಕೊಂಡ. ಬ್ಯಾಟರಿ ಸತ್ತಿದೆಯೆಂದು ಗಾಡಿ ಗುಜರಿಗೆ ಹೋದರೆ ಅವನ ಕೆಲಸವೂ ಹೋದಂತೆಯೇ. ಆ ನೋಯುವ ಮಂಡಿ ಹೊತ್ತು ಇಷ್ಟು ದೊಡ್ಡ ಹುಲ್ಲುಹಾಸು ಸುತ್ತುವುದು ಆಗದ ಮಾತು.

“ಹೂಂ. ಎಲ್ಲ ತಣ್ಣಗಿವೆ, ಇದೊಂದು ಸುಡ್ತಿದೆ. ಬ್ಯಾಟರಿ ಸತ್ತಿಲ್ಲಪ್ಪ, ವೈರ್ ಸರಿಯಾಗಿ ಕೂತಿಲ್ಲ ಅಷ್ಟೆ. ಬಿಗಿಯೋಕೆ ಮುಂಚೆ ಒಳಗೆಲ್ಲ ಗ್ರೀಸ್ ಮೆತ್ತಿದ್ಯಾರು?”

“ತುಕ್ಕು ಹಿಡೀಬಾರ್ದು ಅಂತ...”

“ಅತಿ ಮುದ್ದು ಮಾಡಿದ್ರೆ ಹೀಗೇ! ನಡುವೆ ಗ್ರೀಸ್ ಇದ್ರೆ ಕರೆಂಟ್ ಸರಿಯಾಗಿ ಹರಿಯಲ್ಲ.” ಅವಳು ನಗುತ್ತ ವೈರ್ ಬಿಚ್ಚಿ, ಗ್ರೀಸ್ ಒರೆಸಿ, ಹೊಳೆಯುವಂತೆ ಉಜ್ಜಿ ಬಿಗಿದಳು.

ಅಪ್ಪ ಪೆಡಲ್ ಒತ್ತಿದ. ನಿಂತರೆ ತಳ್ಳಲೆಂದು, ಎಂದಿನಂತೆ ಒಂದು ಕಾಲನ್ನು ಹೊರಗೇ ಇಟ್ಟಿದ್ದ. ದಿಬ್ಬದ ನೆತ್ತಿ ದಾಟುವಾಗ ಅದನ್ನು ಮೆಲ್ಲಗೆ ಒಳಗೆಳೆದುಕೊಂಡ.