ಅಪ್ಪನ ಎದೆಯ ತಾಳ

ಸ್ಪೀಕರಿನಲ್ಲಿ ಒಂದು ಬಡಿತ ತಪ್ಪಿತು. ವೇದಿಕೆಯ ಮೇಲೆ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದವಳು ಕಿವಿಗೊಟ್ಟಳು. ಎಂ.ಎ. ಪರೀಕ್ಷೆಗೆಂದು ಅವಳು ಕಟ್ಟಿದ್ದ ಎಲೆಕ್ಟ್ರಾನಿಕ್ ಸಂಗೀತಕ್ಕೆ ತಾಳ ಹಾಕುತ್ತಿದ್ದುದು ಮುಂದಿನ ಸಾಲಿನಲ್ಲಿ ಕೂತ ಅಪ್ಪನ ಹೃದಯ. ಅಂಗಿಯೊಳಗೆ ಎದೆಬಡಿತ ಹಿಡಿಯುವ ಸೆನ್ಸರ್ ಅಂಟಿಸುವಾಗ ಅಪ್ಪ, "ಈ ಮುದಿ ಗುಂಡಿಗೆಗೂ ಮಾರ್ಕ್ಸ್ ಕೊಡ್ತಾರೇನಮ್ಮಾ?" ಎಂದು ನಕ್ಕಿದ್ದ.

ಮತ್ತೊಂದು ಬಡಿತ ಬರಲೇ ಇಲ್ಲ. ಆಮೇಲೆ ನಾಲ್ಕಾರು ಒಟ್ಟಿಗೇ ಮುಗ್ಗರಿಸಿಕೊಂಡು ಬಂದವು. "ಭೇಷ್! ಲಯ ಮುರಿಯೋ ಧೈರ್ಯ ನೋಡಿ," ಎಂದು ಪರೀಕ್ಷಕರು ಪಕ್ಕದವರಿಗೆ ಪಿಸುಗುಟ್ಟಿದರು. ಲಯ ಮುರಿಯುವಂಥದ್ದೇನನ್ನೂ ಅವಳು ಬರೆದಿರಲಿಲ್ಲ.

ವೈರು ಸಡಿಲವಾಗಿರಲಿ, ದೇವರೇ, ಬರೀ ವೈರೇ ಆಗಿರಲಿ ಎಂದುಕೊಳ್ಳುತ್ತ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಸೆನ್ಸರಿನ ಪೆಟ್ಟಿಗೆ ನೋಡಿದಳು. ಹಸಿರು ದೀಪ ಕದಲದೆ ಉರಿಯುತ್ತಿತ್ತು. ವೈರು ಸರಿಯಾಗೇ ಇತ್ತು. ಸಂಗೀತ ನಿಲ್ಲಿಸಲು ಕೈಚಾಚಿ, ತಲೆಯೆತ್ತಿದಳು.

ಅಪ್ಪನ ಮುಖದಲ್ಲಿ ಗಾಬರಿ ಇರಲಿಲ್ಲ. ಕದ್ದು ಸಿಕ್ಕಿಬಿದ್ದವನಂತೆ ಅವಳನ್ನೇ ನೋಡುತ್ತಿದ್ದ. ಒಂದು ಅಂಗೈಯನ್ನು ಎದೆಗೊತ್ತಿ ಹಿಡಿದು ಆ ಸದ್ದನ್ನು ಮುಚ್ಚಲು ನೋಡಿದ. ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ಹೇಳಬೇಡ ಎನ್ನುವಂತೆ ಪಕ್ಕಕ್ಕೆ ಕಣ್ಣು ಹೊರಳಿಸಿದ.

ಪಕ್ಕದಲ್ಲಿ ಅಮ್ಮ, ಆ ತಪ್ಪಿದ ತಾಳಕ್ಕೇ ಹಿಗ್ಗಿನಿಂದ ತಲೆದೂಗುತ್ತಿದ್ದಳು.