ಗಿಟಾರಿನ ಬಾಯಿ

ರಿಪೇರಿಗೆ ಕೊಟ್ಟಿದ್ದ ಗಿಟಾರಿಗೆ ಹೊದಿಸಿದ್ದ ಬಟ್ಟೆಯನ್ನು ಷಡಕ್ಷರಿ ಸರಿಸಿದ. ಮುರಿದ ಕತ್ತು ಕೂಡಿತ್ತು, ಹುಳು ತಿಂದ ಅಂಚು ಹೊಸದಾಗಿತ್ತು, ಆ ಪುಟ್ಟ ಮೈಯೆಲ್ಲ ಮಿರಮಿರ ಮಿಂಚುತ್ತಿತ್ತು. ಆದರೆ ಹೊಟ್ಟೆಯ ನಡುವಿನ ದುಂಡು ಬಾಯಿಯೇ ಇರಲಿಲ್ಲ. ಅಲ್ಲಿ ಬೀಟೆ, ಹಲಸು, ದಂತದ ಚೂರು ಕೂರಿಸಿ ಮಾಡಿದ ಸರಸ್ವತಿ ಕುಳಿತಿದ್ದಳು. ಹಣೆಗೆ ನಿಜವಾದ ಕುಂಕುಮ ಬೇರೆ.

"ಇಲ್ಲೊಂದು ತೂತಿತ್ತಲ್ಲ, ಕೃಷ್ಣಪ್ಪನೋರೇ?"

"ಅದನ್ಯಾಕೆ ಕೇಳ್ತೀರಿ! ಮುಷ್ಟಿ ಹೋಗೋ ಅಷ್ಟು ತೂತು. ಯಾವ ಪಾಪಿ ಕೊರೆದಿದ್ನೋ! ಎಷ್ಟು ವೀಣೆಗೆ ಕುಸುರಿ ಮಾಡಿದೀನಿ, ಅಂಥ ಗಾಯ ಕಂಡಿರಲಿಲ್ಲ. ಬರೀ ಹಲಗೆ ಮುಚ್ಚಿದ್ರೆ ತೇಪೆ ಥರ ಕಾಣುತ್ತೆ ಅಂತ ತಾಯೀನೇ ಕೂರಿಸ್ಬುಟ್ಟೆ."

ಮಂಡಿ ಮೊಹಲ್ಲಾದ ಆ ಮುದಿ ಕುಸುರಿಗಾರರು ಹೊಗಳಿಕೆಗಾಗಿ ಕಾದು ನಿಂತರು. ತಪ್ಪು ಅವರದೊಬ್ಬರದೇ ಅಲ್ಲ. ಬಾಯಿ ಮುಚ್ಚಬೇಡಿ ಎಂದು ಯಾರಾದರೂ ಹೇಳಿ ರಿಪೇರಿಗೆ ಕೊಡುತ್ತಾರೆಯೇ? ಯುದ್ಧದ ಕಾಲದಲ್ಲಿ ಮೈಸೂರಿಗೆ ಸುಧಾರಿಸಿಕೊಳ್ಳಲು ಬಂದಿದ್ದ ಅಮೆರಿಕದ ಕರಿಯ ಸಿಪಾಯಿಯೊಬ್ಬ, ಬೆರಳಿಗೆ ಒಡೆದ ಶೀಷೆಯ ಕತ್ತು ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಾ ತನ್ನೂರಿನ ಹತ್ತಿ ಹೊಲದ ಹಾಡುಗಳನ್ನು ಷಡಕ್ಷರಿಗೆ ಕಲಿಸಿ, ಹೊರಡುವಾಗ ಗಿಟಾರನ್ನೂ ಕೊಟ್ಟು ಹೋಗಿದ್ದ. ಅದು ಮುರಿದು ಅಟ್ಟ ಸೇರಿದ ಮೇಲೆ ಆ ಸ್ವರ ಷಡಕ್ಷರಿಯ ಕಿವಿಯಿಂದ ಮಾಸುತ್ತಾ ಬಂದಿತ್ತು. ಅದನ್ನು ಇನ್ನೊಮ್ಮೆ ಕೇಳಬೇಕೆಂಬುದೊಂದೇ ಅವನ ಆಸೆ.

ಜೇಬಿನಿಂದ ತಂತಿಯೊಂದನ್ನು ತೆಗೆದು ಕಟ್ಟಿ ಮೀಟಿದ. ಮುಚ್ಚಿದ ಕೋಣೆಯೊಳಗೆ ಯಾರೋ ಕೆಮ್ಮಿದಂತಾಯಿತು. ಮತ್ತೆ ಮೀಟಿದ. ಅದೇ ಕೆಮ್ಮು.

"ಅದು ಗಾಯ ಅಲ್ಲ ಕಣ್ರೀ, ಬಾಯಿ. ದನಿ ಅಲ್ಲಿಂದಲೇ ಬರಬೇಕು. ಕೊರೆದು ತೆಗೀರಿ."

ಕೃಷ್ಣಪ್ಪನವರು ಕೆನ್ನೆ ಕೆನ್ನೆ ಬಡಿದುಕೊಂಡರು. "ತಾಯೀನ ಕೊರೀಬೇಕಾ? ನನ್ನ ಕೈಯಾರೆ? ಕಣ್ಣು ಮಂಜಾಗ್ತಾ ಅದೆ ಸ್ವಾಮಿ, ಇನ್ನೊಂದು ಮುಖ ಇಷ್ಟು ಚೆನ್ನಾಗಿ ಕೂರ್ಸೋಕೆ ನನ್ನಿಂದ ಆಗಲ್ಲ."

"ಅಂಟು ಕಾಯಿಸಿ ಹಾಗೇ ಎಬ್ಬಿಸೋಕೆ ಆಗಲ್ವಾ?"

"ಹಳೇ ಮರ, ಬಿರಿದುಹೋಗುತ್ತೆ. ಕೊರೆದ್ರೆ ತಾಯಿ ತುಂಡು ತುಂಡಾಗ್ತಾಳೆ."

ಬೇಡ ಬಿಡಿ ಎನ್ನಲು ಷಡಕ್ಷರಿಗೆ ಮನಸ್ಸಿಲ್ಲ, ಗರಗಸ ಮುಟ್ಟಲು ಕೃಷ್ಣಪ್ಪನವರಿಗೆ ಧೈರ್ಯವಿಲ್ಲ.

ಒಳಗಿನಿಂದ ಅವರ ಹೆಂಡತಿ ಪುಟ್ಟತಾಯಮ್ಮ ಅಕ್ಷತೆಯ ಬಟ್ಟಲು ಹಿಡಿದು ಬಂದರು. ದಿನಾ ಬೆಳಿಗ್ಗೆ ಆ ಸರಸ್ವತಿಗೆ ಕುಂಕುಮ ಇಡುತ್ತಿದ್ದವರು ಅವರೇ. ಗಂಡನ ಕಡೆ ನೋಡದೆ ನಾಲ್ಕು ಕಾಳು ಅಕ್ಷತೆ ಹಾಕಿ, ಪೂಜೆ ಮುಗಿದ ದೇವರನ್ನು ಕದಲಿಸುವಂತೆ ಗಿಟಾರನ್ನು ತುಸು ಉತ್ತರಕ್ಕೆ ಸರಿಸಿದರು. "ಹೋಗಿ ಬಾರವ್ವ," ಎಂದು ಕೈಮುಗಿದು, "ಈಗ ಬರೀ ಮರ ಕಣ್ರೀ. ಕೊರೀರಿ," ಎಂದರು.

ಕೃಷ್ಣಪ್ಪನವರು ಎಳೆಯಂಥ ಗರಗಸವನ್ನು ಇಳಿಸಿದರು. ವೀಣೆ ಹಿಡಿದ ಕೈ ಮೊದಲು ತುಂಡಾಗಿ ಬಿತ್ತು. ಷಡಕ್ಷರಿ ಮುಖ ತಿರುಗಿಸಿಕೊಂಡ. ತನ್ನ ಆಸೆಗೆ ತಾನೇ ಹೇಸಿದ.

ಬಾಯಿ ತೆರೆದ ಮೇಲೆ ಅವನು ತಂತಿಗಳನ್ನೆಲ್ಲ ಬಿಗಿದು ಶ್ರುತಿ ಮಾಡಿ, ಜೇಬಿನಲ್ಲಿದ್ದ ಶೀಷೆಯ ಕತ್ತನ್ನು ಬೆರಳಿಗೆ ತೊಟ್ಟು ಜಾರಿಸಿದ. ಪುಟ್ಟತಾಯಮ್ಮ ಬೆಚ್ಚಿಬಿದ್ದು ಹಿಂದೆ ಸರಿದರು.

"ಅಯ್ಯೋ ಶಿವನೇ, ಅಳ್ತಾ ಅದೆ! ನೋವು ಮಾಡ್ಬುಟ್ವಾ?"

"ಇಲ್ಲ ಕಣಮ್ಮ," ಎಂದ ಷಡಕ್ಷರಿ, ನುಡಿಸುವುದನ್ನು ನಿಲ್ಲಿಸದೆ. "ನೋವಾದಾಗ ಇದನ್ನ ಕೊಟ್ಟ ಸಿಪಾಯಿ ಊರಲ್ಲಿ ಹಿಂಗೇ ಹಾಡೋದು."

ಕೃಷ್ಣಪ್ಪನವರು ಮಡಿಲಿಗೆ ಬಿದ್ದಿದ್ದ ದೇವಿಯ ಅರ್ಧ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಹಂಗಾದ್ರೆ ನಿಲ್ಲಿಸ್ಬೇಡಿ," ಎಂದರು. "ನನ್ನ ಪಾಲಿಂದೂ ಬಾರಿಸ್ಬುಡಿ."