ಕಂಬಳಿಯೊಳಗಿನ ಶುಕ್ರ

"ಏನೂ ಕಾಣಕಿಲ್ಲ ಕಣವ್ವ," ಎಂದು ಊರ ಯಜಮಾನ ನಾಗಯ್ಯ ದೂರದರ್ಶಕದಿಂದ ಮುಖ ತೆಗೆದ. "ಬರೀ ಕೆಂಪು. ಅದೂ ನಡುಗ್ತದೆ. ಶುಕ್ರ ಮುಳುಗವ್ನೆ ಅಂದ್ರೆ ಮುಳುಗವ್ನೆ. ಲಗ್ನ ಇಲ್ಲ."

ಸತ್ತೇಗಾಲದ ಶಾಲೆಯ ಅಂಗಳದಲ್ಲಿ ನಿಂತಿದ್ದ ವಿಜ್ಞಾನದ ಟೀಚರ್ ಶಿವರತ್ನಮ್ಮನಿಗೆ ಮೈಯೆಲ್ಲ ಉರಿಯಿತು. ಮಗಳು ಪುಷ್ಪಾಳ ಮದುವೆ ಬರುವ ಭಾನುವಾರಕ್ಕೆ ನಿಶ್ಚಯವಾಗಿತ್ತು. ಆದರೆ ಶುಕ್ರ ಸೂರ್ಯನ ಹತ್ತಿರ ಸರಿದು ಕಣ್ಣಿಗೆ ಕಾಣದಂತಾದರೆ ಊರಲ್ಲಿ ಯಾರೂ ತಾಳಿ ಕಟ್ಟುವುದಿಲ್ಲ. ಅವನು ಮತ್ತೆ ಮೂಡುವಷ್ಟರಲ್ಲಿ ಆಷಾಢ, ಅದರ ಬೆನ್ನಿಗೇ ಅಧಿಕಮಾಸ. ಹುಡುಗ ಮೇಲಿನ ಬೀದಿಯವನು, ಮಿಲಿಟರಿಯಲ್ಲಿದ್ದಾನೆ. ರಜೆ ಮುಗಿಸಿ ಕಾಶ್ಮೀರಕ್ಕೆ ಹೊರಟರೆ ಮತ್ತೆ ಬರುವುದು ಮುಂದಿನ ವರ್ಷ.

"ಕಣ್ಣಿಗೆ ಕಾಣ್ಸು, ಮುಳುಗಿಲ್ಲ ಅಂತ ಒಪ್ತೀನಿ," ಎಂದು ಅವಳ ದೊಡ್ಡಪ್ಪನೂ ಆದ ನಾಗಯ್ಯ ನಿನ್ನೆ ಜಗುಲಿಯ ಮೇಲೆ ಎಲ್ಲರೆದುರು ಹೇಳಿದ್ದ. ಇವತ್ತು, ೨೦೦೪ರ ಜೂನ್ ಎಂಟರಂದು, ಶುಕ್ರ ಸೂರ್ಯನ ಮುಖದ ಮೇಲೇ ಹಾದುಹೋಗುತ್ತಿದ್ದ. ದೂರದರ್ಶಕವನ್ನು ಅವಳು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಬಿಸಿಲು ಕಣ್ಣು ಸುಡದಂತೆ ಅದರ ಬಾಯಿಗೆ ಕಪ್ಪು ಫಿಲ್ಟರ್ ಹಾಕಿದ್ದಳು.

"ಲೇ ಮಾದಸ್ವಾಮಿ, ಕಣ್ಣಿಡೋ ಕಡೆ ಯಾವ ಮಸೂರ ಹಾಕಿದ್ದೀಯಾ?"

"ದೊಡ್ಡದಾಗಿ ಕಾಣ್ಲಿ ಅಂತ ಇರೋದ್ರಲ್ಲೇ ಜೋರಿಂದು ಅಕ್ಕಾ," ಎಂದ ಕಿರಿಯ ಮೇಷ್ಟ್ರು.

"ಜೋರಂತೆ ಜೋರು! ಅದ್ರ ತೂತು ಸೂಜಿ ಕಣ್ಣಿನಷ್ಟದೆ. ಕನ್ನಡಕ ತಗುದ್ರೆ ದೊಡ್ಡಪ್ಪಂಗೆ ಎದುರಿಗಿರೋ ಎಮ್ಮೆ ಕಾಣಕಿಲ್ಲ. ಕನ್ನಡಕ ಆಕ್ಕಂಡ್ರೆ ಕಣ್ಣು ಅಷ್ಟು ಹತ್ರ ಓಗಕಿಲ್ಲ. ಜೋರು ಮಾಡ್ದಷ್ಟೂ ಬಿಸಿಲಿನ ನಡುಕಾನೂ ಜೋರಾಯ್ತದೆ. ತಗಿ ಅದ!"

ಅವಳು ಅಗಲ ಬಾಯಿಯ, ಕಡಿಮೆ ಶಕ್ತಿಯ ಮಸೂರ ಸಿಕ್ಕಿಸಿದಳು. ಮೊದಲಿನದಕ್ಕೆ ಮೆತ್ತಿದ್ದ ಯಜಮಾನನ ಹಣೆಯ ವಿಭೂತಿ ಇದಕ್ಕೂ ಮೆತ್ತದಂತೆ ಮೊದಲು ಅವನ ಹಣೆಯನ್ನೇ ಸೆರಗಿನಿಂದ ಒರೆಸಿದಳು. ಬೇರೆ ಯಾರಾದರೂ ಆಗಿದ್ದರೆ ನಾಗಯ್ಯ ಅವರ ಕೈ ಮುರಿಯುತ್ತಿದ್ದ. ಆಮೇಲೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನ ಹೆಗಲ ಮೇಲಿದ್ದ ಕರಿ ಕಂಬಳಿಯನ್ನೇ ತೆಗೆದು ತಲೆಯೂ ಮಸೂರವೂ ಮುಚ್ಚುವಂತೆ ಹೊದಿಸಿದಳು.

"ಕತ್ಲೆ ಇದ್ರೆ ಶುಕ್ರನ ಚುಕ್ಕಿ ಕಪ್ಪಾಗಿ ಕಾಣ್ತದೆ. ಕನ್ನಡಕ ತಗೀಬ್ಯಾಡ. ಈಗ ನೋಡು."

ಕಂಬಳಿ ಮುಂದಕ್ಕೆ ಬಾಗಿತು.

"ಕಂಡ್ನಾ ದೊಡ್ಡಪ್ಪ?"

"ಸುಮ್ಕಿರವ್ವ." ಒಳಗಿನಿಂದ ಮಾತು ಬಂತು. "ತಟ್ಟೆ ಮ್ಯಾಲೆ ಮೆಣಸಿನ ಕಾಳು ಇಟ್ಟಂಗದೆ. ಇವ್ನೇನಾ? ಇಷ್ಟು ಸಣ್ಣೋನ್ಗೆ ಎದ್ರಕಂಡು ಎಷ್ಟು ಮದ್ವೆ ನಿಲ್ಸಿದ್ನಪ್ಪಾ ನಾನು!"

ಶಿವರತ್ನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಹಂಗಾದ್ರೆ ಭಾನುವಾರ ಮದ್ವೆ."

"ಭಾನುವಾರ ಕಾಣ್ತಾನಾ?"

ಸುಳ್ಳು ಅವಳ ಬಾಯಿಗೆ ಬರುವುದಿಲ್ಲ. "ಇಲ್ಲ. ಹೊತ್ತು ಮುಳುಗೋದ್ರೊಳಗೆ ಸೂರ್ಯನ ದಾಟ್ಬುಡ್ತಾನೆ. ಆಮೇಲೆ ಒಂದಷ್ಟು ದಿನ ಯಾರ್ಗೂ ಕಾಣಕಿಲ್ಲ."

"ಮತ್ತೆ ಭಾನುವಾರ ಯಾಕೆ? ಹುಡ್ಗೀನ ಕರ್ಕಂಡ್ ಬಾ. ಆ ಮಿಲಿಟ್ರಿಯವ್ನ್ಗೂ ಏಳ್ಕಳ್ಸು. ಇಲ್ಲೇ ಕಟ್ಲಿ ತಾಳಿಯ. ಅಲ್ಲೀಗಂಟ ನಾನು ಕಣ್ಣು ತಗಿಯಾಕಿಲ್ಲ."

ಮಾದಸ್ವಾಮಿ ಬೀದಿಗೆ ಓಡಿದ. ಸೂರ್ಯ ಸರಿದಂತೆಲ್ಲ ಶಿವರತ್ನಮ್ಮ ಕೊಳವೆ ಸರಿಸುತ್ತ ನಿಂತಳು. ಬಿಸಿಲು ಇಳಿಯತೊಡಗಿದಾಗ ಶಾಲೆಯ ಅಂಗಳದಲ್ಲೇ ಓಲಗ ಊದಿದರು. ಪುಷ್ಪಾಳ ಕೊರಳಿಗೆ ತಾಳಿ ಬಿತ್ತು, ಎಲ್ಲರೂ ಅಕ್ಷತೆ ಹಾಕಿದರು. ಸ್ಟೂಲಿನ ಮೇಲಿನ ಕಂಬಳಿಯೊಳಗಿನಿಂದಲೂ ಒಂದು ಮುದಿ ಕೈ ಹೊರಬಂದು ಹಿಡಿ ಅಕ್ಕಿ ಎಸೆಯಿತು, ನೇರ ಸೂರ್ಯನತ್ತ.